ಗಿರಿಜೆಯ ಲಗ್ನಕ್ಕೆ ಹೋದ ನಮ್ಮತ್ತೆ

ಈಶ್ವರನನ್ನು ನಂಬಿದ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಕಳೆದ ವೈಶಾಖದ ಒಂದು ಸೋಮವಾರ ವಿಜಯಪುರದ ಬಸ್ ನಿಲ್ದಾಣದಲ್ಲಿ ನಮ್ಮತ್ತೆ ಕಳೆದುಹೋದರು. ಇಡ್ಲಿ ಪೊಟ್ಟಣ ಹಿಡಿದು ತಿರುಗಿ ಬಂದರೆ ಬೆಂಚು ಖಾಲಿ.

ನಾವು ನಿಡೋಣಿಯವರು, ಹಿಟ್ಟಿನ ಗಿರಣಿ ನಡೆಸುತ್ತೇವೆ. ಅತ್ತೆಗೆ ಸಕ್ಕರೆ ಕಾಯಿಲೆ, ಅದರ ಮೇಲೆ ಮರೆವು. ಆಸ್ಪತ್ರೆಗೆಂದು ಕರೆತಂದಿದ್ದೆ. ಅದೇ ಬೆಂಚಿನ ಮೇಲೆ ಇನ್ಸುಲಿನ್ ಚುಚ್ಚಿ ತಿಂಡಿ ತರಲು ಎದ್ದಿದ್ದೆ. ಫೋನ್ ಮಾಡಿದರೆ ವೈದ್ಯರು, "ಏನೂ ತಿನ್ನದಿದ್ದರೆ ಸಕ್ಕರೆ ಇಳಿದು ಪ್ರಜ್ಞೆ ತಪ್ಪುತ್ತದಮ್ಮಾ, ಜಲ್ದಿ ಹುಡುಕಿರಿ" ಎಂದರು.

ಪಕ್ಕದಲ್ಲಿ ಬಾಳೆಹಣ್ಣು ಮಾರುತ್ತಿದ್ದವಳನ್ನು ಕೇಳಿದೆ.

"ಲಗ್ನಕ್ಕ ಹೊತ್ತಾತು, ಬಿಡು ನನ್ನ ಅಂತ ಕೈ ಕೊಸರಿಕೊಂಡು ಹೋದ್ಳ್ರಿ ಮುದುಕಿ. ನಿಮ್ಮ ಕಡೀದು ಲಗ್ನ ಐತೇನ್ರಿ ಇವತ್ತ?"

ನಮ್ಮ ಕಡೆಯ ಮದುವೆ ಯಾವುದೂ ಇರಲಿಲ್ಲ. ಆದರೆ ಅದು ಲಗ್ನಸರಾಯಿ, ಮದುವೆಗಳ ಕಾಲ; ವಾಲಗದ ಸದ್ದು ಕೇಳಿ ಯಾವುದೋ ಕಲ್ಯಾಣ ಮಂಟಪಕ್ಕೆ ನುಗ್ಗಿರಬೇಕು ಎಂದುಕೊಂಡೆ. ಪೊಲೀಸರಿಗೆ ಹೇಳಿ, ಗಂಡನಿಗೆ ಫೋನ್ ಮಾಡಿ, ಆಟೋ ಹಿಡಿದು ಸೊಲ್ಲಾಪುರ ರಸ್ತೆಯ ಮಂಟಪಗಳನ್ನೆಲ್ಲ ಜಾಲಾಡಿದೆ. ಪಂಕ್ತಿಯಲ್ಲಿ ಕೂತ ಮುದುಕಿಯರ ಮುಖವನ್ನೆಲ್ಲ ಬಗ್ಗಿ ನೋಡಿದೆ. ಒಬ್ಬರು ಪ್ರೀತಿಯಿಂದ "ಊಟಕ್ಕ ಕುಂದರ್ರಿ ಅಕ್ಕಾರ" ಅಂದರೆ, "ನಿಮ್ಮ ಊಟಕ್ಕಷ್ಟು ಬೆಂಕಿ ಹಚ್ಚರಿ!" ಎಂದುಬಿಟ್ಟೆ. ಮದುವೆ ಮನೆಯಲ್ಲಿ ಆಡುವ ಮಾತೇ ಅದು?

ಕೊನೆಯ ಮಂಟಪದ ಹೊರಗೆ ಗಂಡ ಬೈಕು ನಿಲ್ಲಿಸಿ ನಿಂತಿದ್ದರು. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಬಿಸಿಲಿಗೆ ಮುಖವೆತ್ತಿ ಬೈದೆ:

"ಯಪ್ಪಾ ಈಶ್ವರಾ, ಇದ್ದಬದ್ದವರ ಲಗ್ನ ಎಲ್ಲಾ ನೋಡಿ ಬಂದೆ. ಇನ್ನ ಯಾರದು ಉಳೀತೋ? ನಿಂದೇ ಏನು?"

ಅಂದವಳಿಗೇ ಥಟ್ಟನೆ ಹೊಳೆಯಿತು.

ಅತ್ತೆಯ ತವರು ಟಿಕೋಟಾ. ಅಲ್ಲಿ ಅವರ ಓಣಿಯ ಈಶ್ವರ ಗುಡಿಯ ಮಂಟಪದ ಗೋಡೆಗಳ ತುಂಬ ಗಿರಿಜಾ ಕಲ್ಯಾಣದ ಚಿತ್ರಗಳಿವೆ. ವೈಶಾಖದ ಸೋಮವಾರ ಹೆಂಗಸರು ಅಲ್ಲಿ ಸೇರುತ್ತಾರೆ, ಹಿರಿಯಳೊಬ್ಬಳು ಒಂದೊಂದೇ ಚಿತ್ರ ತೋರಿಸಿ ಆ ಮದುವೆಯ ಕಥೆ ಹೇಳುತ್ತಾಳೆ. ಮರೆವು ಬರುವ ಮುಂಚೆ ಹೇಳುತ್ತಿದ್ದವರು ನಮ್ಮತ್ತೆಯೇ.

"ರೀ, ಟಿಕೋಟಾಕ್ಕ ಹೊಡೀರಿ ಗಾಡಿ!"

"ಹುಚ್ಚು ಹಿಡದೈತೇನು? ಪೊಲೀಸರು ಇಲ್ಲೇ ಇರ್ರಿ ಅಂದಾರ."

"ಅವರು ಇಲ್ಲಿ ನೋಡ್ಲಿ. ನೀವು ಹೊಡೀರಿ."

ದಾರಿಯಲ್ಲಿ ನಾಲ್ಕು ಜನ ನಿಂತದ್ದು ಕಂಡರೆ ಸಾಕು, ನಡುವೆ ಅತ್ತೆ ಬಿದ್ದಿದ್ದಾರೇನೋ ಎಂದು ಗಾಡಿ ನಿಲ್ಲಿಸಿ ಇಣುಕುತ್ತಿದ್ದೆ. ಶಿವನಾಮಕ್ಕೂ ನಾಲಿಗೆ ಹೊರಳಲಿಲ್ಲ.

ಗುಡಿಯ ಬಾಗಿಲಲ್ಲೇ ಧ್ವನಿ ಕೇಳಿತು. "ಹಾದಿ ಬಿಡ್ರಿ, ನಂದಿ ಮ್ಯಾಲ ಮದುಮಗ ಬಂದ!"

ಅತ್ತೆ! ಗೋಡೆಗೆ ಮುಖ ಮಾಡಿ ಕೂತು ನವಿಲುಗರಿಯಿಂದ ದಿಬ್ಬಣ ತೋರಿಸುತ್ತಿದ್ದರು. ಓಡಿಹೋಗಿ ಎಬ್ಬಿಸಲು ಕೈ ಹಾಕಿದೆ. ಒಬ್ಬ ಅಜ್ಜಿ ನನ್ನ ರಟ್ಟೆ ಹಿಡಿದರು.

"ಎಬ್ಬಿಸಬ್ಯಾಡವಾ. ಧಾರಿ ಆಗೂತನಕ ಹೇಳಾಕಿ ಏಳಂಗಿಲ್ಲ. ಲಗ್ನ ನಡುವ ಬಿಟ್ಟು ಏಳ್ತಾರೇನು?"

"ಸೂಜಿ ಚುಚ್ಚೇನ್ರಿ! ಹೊಟ್ಟ್ಯಾಗ ಒಂದು ಅಗಳಿಲ್ಲ!"

"ಅಗಳ ಇಲ್ಲದಿದ್ರ ಬೆಲ್ಲ ಐತೆಲ್ಲ. ಒಂದೊಂದು ಚಿತ್ರ ಮುಗಿದಾಗ ಹೇಳಾಕಿ ಬಾಯಿಗೆ ಬೆಲ್ಲ ಇಡೂದು ಇಲ್ಲಿ ಪದ್ಧತಿ. ಬಸ್ಸಿಳಿದು ಬಂದಾಗಿಂದ ಇಟ್ಟೇವಿ."

ಮನೆಯಲ್ಲಿ ಅತ್ತೆಯ ಕಣ್ಣಿಗೆ ಬೀಳದಂತೆ ನಾನು ಬಚ್ಚಿಡುವ ಬೆಲ್ಲ! ಸಂಜೆ ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿದ ವೈದ್ಯರು, ಅದೇ ಜೀವ ಉಳಿಸಿದ್ದು ಎಂದರು. ಕಥೆ ಅರ್ಧಕ್ಕೆ ಬಿಟ್ಟು ಏಳುವಂತಿಲ್ಲ ಎಂಬ ಕಟ್ಟು ಅವರನ್ನು ಬೇರೆಲ್ಲೂ ಹೋಗದಂತೆ ತಡೆದಿತ್ತು. ಇದನ್ನು ಯೋಗಾಯೋಗ ಎನ್ನುವವರು ಎನ್ನಲಿ, ನಾನು ಎನ್ನುವುದಿಲ್ಲ.

ಧಾರೆ ಮುಗಿಯುವವರೆಗೆ ಅವರ ಪಕ್ಕ ಕೂತೆ. ಆಗ ಬಂತು ನೋಡಿ ಅಳು, ತಡೆಯಲಾಗಲಿಲ್ಲ. ಅತ್ತೆ ತಿರುಗಿ ನೋಡಿದರು. ಗುರುತು ಹತ್ತಲಿಲ್ಲ.

"ಯಾರವಾ ನೀ? ಹೆಣ್ಣಿನ ಕಡಿಯಾಕಿನೋ, ಗಂಡಿನ ಕಡಿಯಾಕಿನೋ?"

"ನಿಮ್ಮ ಕಡಿಯಾಕಿ ರೀ, ಅತ್ತಿ."

"ಹಂಗಾರ ಅಳಬ್ಯಾಡ, ಅಕ್ಷತಿ ಹಿಡಿ" ಎಂದು ನನ್ನ ಬೊಗಸೆ ತುಂಬಿದರು. ಬೈದರೂ ಓಗೊಡುವ ನಮ್ಮಪ್ಪ ಈಶ್ವರನ ಮೇಲೆ ಆ ಅಕ್ಷತೆ ಹಾಕಿ, ಅತ್ತೆಯ ಕೈ ಗಟ್ಟಿಯಾಗಿ ಹಿಡಿದುಕೊಂಡೆ.