ಮುದಗಲ್ಲಿನಿಂದ ಬರುತ್ತಿದ್ದ ಕ್ಯಾಸೆಟ್ಟು

ಸಿಂಧನೂರಿನ ಅಕ್ಕಿ ಗಿರಣಿಯೊಂದಕ್ಕೆ ಮಷಿನ್ ಕೂಡಿಸಲು ಹೋದಾಗ, ಅಲ್ಲಿನ ಫಿಟರ್ ಖಾಸಿಂಸಾಬರ ಖೋಲಿಯಲ್ಲೇ ನನಗೂ ಜಾಗ ಕೊಟ್ಟಿದ್ದರು. ಮಧ್ಯಾಹ್ನ ಊಟವಾದ ಮೇಲೆ ಅವರು ಟೇಪ್ ರೆಕಾರ್ಡರ್ ಹಚ್ಚುತ್ತಿದ್ದರು. ಹಾಡಲ್ಲ, ಒಬ್ಬ ಹೆಣ್ಣುಮಗಳು ಪತ್ತೇದಾರಿ ಕಾದಂಬರಿ ಓದುವ ದನಿ. ಮುದಗಲ್ಲಿನಲ್ಲಿ ಟೀಚರಾಗಿದ್ದ ಅವರ ಹೆಂಡತಿ ಓದಿ, ದನಿ ತುಂಬಿಸಿ, ಬಸ್ ಕಂಡಕ್ಟರ್ ಕೈಯಲ್ಲಿ ಕಳಿಸುತ್ತಿದ್ದ ಕ್ಯಾಸೆಟ್ಟುಗಳು ಅವು.

ಆ ಕತೆಯ ಪತ್ತೇದಾರ ಯಾರನ್ನೂ ಬೆನ್ನಟ್ಟುತ್ತಿರಲಿಲ್ಲ. ಸುಮ್ಮನೆ ಎದುರು ಕೂತು ಜನರ ಮನಸ್ಸು ಕೆದಕುತ್ತಿದ್ದ. ನನಗೆ ಅದರ ಹುಚ್ಚೇ ಹತ್ತಿತು. ಖಾಸಿಂಸಾಬರೋ ಕತೆ ಮುಂದೆ ಹೋಗಲು ಬಿಡದೆ ಟೇಪನ್ನು ಮತ್ತೆ ಮತ್ತೆ ಹಿಂದಕ್ಕೆ ತಿರುಗಿಸುತ್ತಿದ್ದರು.

ತಡೆಯದೆ ಒಂದು ದಿನ ಕೇಳಿದೆ: "ಕೊಲಿ ಮಾಡಿದಾಂವ ಯಾರಂತ ನಿಮಗ ಗೊತ್ತಾತೇನ್ರಿ?"

"ಅದನ್ಯಾಕ ಕೇಳ್ತೀರಿ. ಇಲ್ಲಿ ಕೇಳ್ರಿ, ಓದ್ತಾ ಓದ್ತಾ ಆಕಿ ನಿಂತಾಳ. ಕೆಮ್ಮ ಬಂದೈತಿ. ಹಿಂದಿನ ಕ್ಯಾಸೆಟ್ಟಿನ್ಯಾಗ ಇದು ಇರಲಿಲ್ಲ. ಕಾಗದದಾಗ ಕೇಳಿದ್ರ ಆರಾಮ ಅದೀನಿ ಅಂತಾಳ."

ಮರುದಿನ ಬೆಳಿಗ್ಗೆ ಅವರು ಟೇಪ್ ರೆಕಾರ್ಡರನ್ನು ನನಗೆ ಬಿಟ್ಟು, ಮಸ್ಕಿ ಮೇಲೆ ಮುದಗಲ್ಲಿಗೆ ಹೋಗುವ ಬಸ್ಸು ಹತ್ತಿ ಹೆಂಡತಿಯನ್ನು ನೋಡಲು ಹೊರಟೇಬಿಟ್ಟರು. ನಾನೊಬ್ಬನೇ ಕೂತು ಕತೆ ಕೇಳಿ ಮುಗಿಸಿದೆ. ಕೊಲೆಗಾರ ಸಿಕ್ಕ. ಖೋಲಿ ಮಾತ್ರ ಬಿಕೋ ಅನ್ನುತ್ತಿತ್ತು.

ಮುಂದೆ ಹುಬ್ಬಳ್ಳಿಯ ಮನೆಗೆ ಹೋದಾಗ ಖಾಲಿ ಕ್ಯಾಸೆಟ್ಟೊಂದನ್ನು ನನ್ನ ಹೆಂಡತಿಯ ಮುಂದಿಟ್ಟು, ಏನಾದರೂ ಓದಿ ತುಂಬಿಸು ಅಂದೆ. ಅವಳು ಅದನ್ನು ಪಕ್ಕಕ್ಕೆ ಸರಿಸಿದಳು.

"ನನ್ನ ದನಿ ಅಷ್ಟು ಬೇಕಾಗಿದ್ರ, ತಿಂಗಳಿಗೊಮ್ಮೆ ಬರೋದು ಬಿಟ್ಟು ವಾರಕ್ಕೊಮ್ಮೆ ಬರ್ರಿ."