ಪಕ್ಕೆಲುಬಿನ ಗೀರು

ನನ್ನ ಗಂಡ ವಸ್ತುಸಂಗ್ರಹಾಲಯದ ನೆಲಮಾಳಿಗೆಯಲ್ಲಿ ಹಳೇ ಮೂಳೆಗಳನ್ನು ಶುಚಿ ಮಾಡುತ್ತಿದ್ದವರು. ಇಪ್ಪತ್ತಾರು ವರ್ಷದ ಕೆಲಸ. ಮೇಲಿನ ಪ್ರದರ್ಶನದ ಹಾಲ್‌ನಲ್ಲಿ ನಿಂತಿರುವ ಮ್ಯಾಮತ್, ಅಂದರೆ ಹಿಮಯುಗದ ಆ ಕೂದಲಾನೆ, ಇವರ ಕೈಯಲ್ಲೇ ಮಣ್ಣು ಕಳೆದುಕೊಂಡಿದ್ದು. ಇವರು ಮುಟ್ಟಿದ ಮೂಳೆಗೆ ಒಂದು ಗೀರೂ ಬೀಳುವುದಿಲ್ಲ ಅಂತ ಅಲ್ಲಿ ಹೆಸರಿತ್ತು.

ಅದೇ ಹಾಲ್‌ನಲ್ಲಿ ನನ್ನ ತಮ್ಮ ಗೈಡ್. ಕೆಲಸ ಕೊಡಿಸಿದ್ದು ಇವರೇ, ಈಗ ಹೊಟ್ಟೆ ಉರಿದುಕೊಳ್ಳುವುದೂ ಇವರೇ. ಬಾಯಿದ್ದವನು ಬರದಲ್ಲೂ ಬದುಕಿದ ಅನ್ನುತ್ತಾರಲ್ಲ, ನನ್ನ ತಮ್ಮ ಆ ಜಾತಿ. "ಮನುಷ್ಯ ಬಂದ, ಭರ್ಜಿ ಎಸೆದ, ಮ್ಯಾಮತ್ ಮುಗೀತು!" ಅಂತ ಅವನು ಕೈ ಬೀಸಿದರೆ ಶಾಲಾ ಮಕ್ಕಳು ಚಪ್ಪಾಳೆ ಹೊಡೆಯುತ್ತಿದ್ದರು. ಕೆಳಗೆ ಬ್ರಷ್ ಹಿಡಿದು ಕೂತವರಿಗೆ ಅದೆಲ್ಲ ಕೇಳಿಸುತ್ತಿತ್ತು.

"ಹವಾಮಾನ ಬದಲಾಯ್ತು, ಮೇಯೋ ಹುಲ್ಲು ಹೋಯ್ತು, ಸತ್ತವು. ಅಷ್ಟೇ," ಅಂದರು ಇವರು ಒಂದು ಭಾನುವಾರ ಊಟಕ್ಕೆ ಕೂತಾಗ.

"ಹುಲ್ಲಿನ ಕಥೆಗೆ ಯಾರು ಚಪ್ಪಾಳೆ ಹೊಡೀತಾರೆ ಭಾವ?" ಅಂದ ತಮ್ಮ.

"ಹಸಿದು ಸೊರಗಿದ್ದಾಗ ಬೇಟೆಗೂ ಸಿಕ್ಕಿರಬಹುದಲ್ವಾ? ಎರಡೂ ಸೇರಿರಬಹುದು," ಅಂದೆ ನಾನು. ಇಬ್ಬರೂ ಉಪ್ಪು ಕೇಳಿದರು.

ಮರುವಾರ ತಮ್ಮ ಮ್ಯಾಮತ್‌ನ ಪಕ್ಕೆಲುಬಿನಲ್ಲಿ ಒಂದು ಗೀರು ಕಂಡುಹಿಡಿದ. ಕಲ್ಲಿನ ಚಾಕುವಿನದೇ ಗುರುತು ಅಂದ. ಸಂಗ್ರಹಾಲಯದ ನಿರ್ದೇಶಕಿಗೂ ಹಿಡಿಸಿತು. 'ಮನುಷ್ಯನ ಬೇಟೆಗೆ ಬಲಿ' ಅಂತ ಹೊಸ ಫಲಕ ಹಾಕುವುದೆಂದಾಯಿತು, ಕೆಳಗೆ ತಮ್ಮನ ಹೆಸರು.

ಆ ದಿನ ಮನೆಯಲ್ಲಿ ನಾವಿಬ್ಬರೇ ಇದ್ದಾಗ ಇವರು ಊಟದ ತಟ್ಟೆ ಪಕ್ಕಕ್ಕೆ ಸರಿಸಿದರು. ಆಮೇಲೆ ಮೆಲ್ಲಗೆ ಬಾಯಿಬಿಟ್ಟರು. "ಆ ಗೀರು ನಂದು. ಕೆಲಸಕ್ಕೆ ಸೇರಿದ ವರ್ಷ ಉಳಿ ಜಾರಿತ್ತು. ಬಣ್ಣ ಕಲಸಿದ ಮೇಣ ತುಂಬಿ ಮುಚ್ಚಿಟ್ಟಿದ್ದೆ. ಈಗ ಉದುರಿದೆ."

ಹೇಳಿದರೆ ತಮ್ಮನ ಫಲಕ ಹೋಗುತ್ತಿತ್ತು, ಜೊತೆಗೆ ಇವರ ಹೆಸರೂ. ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಎರಡು ದಿನ ಒದ್ದಾಡಿದರು. ಮೂರನೆಯ ದಿನ ತಮ್ಮ ಫಲಕದ ನಮೂನೆಯನ್ನು ಮನೆಗೇ ತಂದು, "ಅಕ್ಕಾ, ನನ್ನ ಹೆಸರು ನೋಡು, ಎಷ್ಟು ದಪ್ಪ ಅಕ್ಷರ!" ಅಂದ. ಇವರು ಚಪ್ಪಲಿ ಮೆಟ್ಟಿ ಸಂಗ್ರಹಾಲಯಕ್ಕೆ ಹೊರಟೇಬಿಟ್ಟರು.

ಎಲ್ಲರೆದುರು ಹಳೇ ಉಳಿಯನ್ನು ಆ ಗೀರಿನಲ್ಲಿಟ್ಟು ತೋರಿಸಿದರಂತೆ. ಕರಾರುವಾಕ್ಕಾಗಿ ಕೂತಿತಂತೆ. ಎದುರಿನವನಿಗೆ ಅಪಶಕುನವಾಗಲಿ ಅಂತ ತನ್ನ ಮೂಗು ತಾನೇ ಕೊಯ್ದುಕೊಳ್ಳುವುದು ಅಂದರೆ ಇದೇ. 'ಅಳಿದ ಕಾರಣ ಇನ್ನೂ ಖಚಿತವಿಲ್ಲ' ಅಂತ ಫಲಕ ಬಂತು, ಯಾರ ಹೆಸರೂ ಇಲ್ಲದೆ. ಇವರನ್ನು ಮೂಳೆಯ ಕೆಲಸದಿಂದ ಬಿಡಿಸಿ ಹಾಲ್‌ನ ಗಾಜಿನ ಪೆಟ್ಟಿಗೆ ಒರೆಸಲು ಹಾಕಿದರು.

ತಮ್ಮ ಬಂದು ಇವರ ಕೈ ಹಿಡಿದುಕೊಂಡ. "ಸತ್ಯಕ್ಕೋಸ್ಕರ ನಿಮ್ಮ ಹೆಸರನ್ನೇ ಬಿಟ್ಟುಕೊಟ್ರಲ್ಲ ಭಾವ!" ಇವರು ತಲೆ ತಗ್ಗಿಸಿದರು. ಸತ್ಯ ಎಷ್ಟು, ಹೊಟ್ಟೆಕಿಚ್ಚು ಎಷ್ಟು ಅಂತ ಗೊತ್ತಿದ್ದವಳು ನಾನೊಬ್ಬಳೇ.

ಕಳೆದ ವಾರ ಊಟದ ಡಬ್ಬಿ ಕೊಡಲು ಹೋಗಿದ್ದೆ. ತಮ್ಮ ಮ್ಯಾಮತ್ ಮುಂದೆ ನಿಂತು ಹೊಸ ಕಥೆ ಹೇಳುತ್ತಿದ್ದ: ಒಂದು ಗೀರು, ಒಬ್ಬ ಪ್ರಾಮಾಣಿಕ ಕೆಲಸಗಾರ, ಇಪ್ಪತ್ತಾರು ವರ್ಷದ ಗುಟ್ಟು. ಮಕ್ಕಳು ಉಸಿರು ಬಿಗಿಹಿಡಿದು ಕೇಳಿದರು. ಕೊನೆಗೆ ಚಾವಣಿಯೇ ಹಾರಿಹೋಗುವಂಥ ಚಪ್ಪಾಳೆ. ತಮ್ಮ ಬಾಗಿ ವಂದಿಸಿದ.

ಗಾಜಿನ ಪೆಟ್ಟಿಗೆಯ ಹಿಂದೆ ಇವರು ಬಟ್ಟೆ ಹಿಂಡುತ್ತಾ ನಿಂತಿದ್ದರು.

"ನೋಡಿದ್ಯಾ?" ಅಂದರು. "ನನ್ನ ತಪ್ಪಿಗೂ ಚಪ್ಪಾಳೆ ಅವನಿಗೇ."