ಟೈರಿಗೆ ಮುಂಚೆ ಒಂದು ಮುಷ್ಟಿ ಮಣ್ಣು

ಅವರ ಹತ್ತು ಬೆರಳುಗಳಲ್ಲಿ ಒಂಬತ್ತು ಕಪ್ಪು, ಒಂದು ಬಿಳಿ. ನಲವತ್ತು ವರ್ಷ ಟೈರು ಮುಟ್ಟಿ ಮುಟ್ಟಿ ಒಂಬತ್ತರ ಗೆರೆಗಳಲ್ಲಿ ರಬ್ಬರಿನ ಮಸಿ ಕೂತುಬಿಟ್ಟಿದೆ. ಯಾವ ಸಾಬೂನಿಗೂ ಅದು ಬಗ್ಗುವುದಿಲ್ಲ. ಬಲಗೈಯ ತೋರುಬೆರಳು ಮಾತ್ರ ಎಲೆಯಡಿಕೆಯ ಸುಣ್ಣಕ್ಕೆ ಮೀಸಲು. ಅದಕ್ಕೆ ಮಸಿ ತಾಗಬಾರದೆಂದು ಸದಾ ಮೇಲಕ್ಕೆತ್ತಿಕೊಂಡೇ ಕೆಲಸ ಮಾಡುತ್ತಾರೆ. ದೂರದಿಂದ ನೋಡಿದವರಿಗೆ ಯಾರಿಗೋ ಎಚ್ಚರಿಕೆ ಕೊಡುತ್ತಿದ್ದಾರೆ ಅನ್ನಿಸಬೇಕು. ನನಗಂತೂ ಅವರು ಎಚ್ಚರಿಕೆ ಕೊಟ್ಟದ್ದು ನಿಜ. ಕೇಳಿಸಿಕೊಳ್ಳದೆ ಹೋದವಳು ನಾನು.

ಗದಗಿನಿಂದ ಮುಂಡರಗಿ ಕಡೆ ಹೊರಟರೆ, ಊರು ಮುಗಿಯುವಷ್ಟರಲ್ಲಿ ಅವರ ತಗಡಿನ ಅಂಗಡಿ ಸಿಗುತ್ತದೆ. ಬೋರ್ಡಿನ ಅಕ್ಷರಗಳು ಬಿಸಿಲಿಗೆ ಅಳಿಸಿಹೋಗಿ ಎಷ್ಟೋ ವರ್ಷವಾಯಿತು. ಎಲ್ಲರಿಗೂ ಅದು ಟೈರಿನ ಕಾಕಾನ ಅಂಗಡಿ. ಮೂರು ಹಳೆಯ ಲಾರಿ ಟೈರುಗಳನ್ನು ಒಂದರ ಮೇಲೊಂದು ಪೇರಿಸಿ, ಮೇಲೊಂದು ಕೌದಿ ಹಾಸಿಕೊಂಡು ಅದರ ಮೇಲೆ ಕೂತಿರುತ್ತಾರೆ. ಕಾಕಾನಿಗೆ ವ್ಯಾಪಾರ ಬರುವುದಿಲ್ಲ ಎಂದು ಅವರ ಹೆಂಡತಿಯೇ ಊರಿಗೆಲ್ಲ ಹೇಳುತ್ತಾರೆ. ಅದು ಸುಳ್ಳೂ ಅಲ್ಲ. ಕಾಲೇಜಿನ ದಿನಗಳಲ್ಲಿ ನನ್ನ ಸ್ಕೂಟಿಗೆ ಹೊಸ ಟೈರು ಹಾಕಿಸಲು ಹೋದಾಗ ಹಳೆಯದನ್ನು ಗೆಣ್ಣಿನಿಂದ ಎರಡು ಸಲ ಕುಟ್ಟಿ ನೋಡಿ, "ಇನ್ನೂ ಆರ ತಿಂಗಳ ಬಾಳಿಕಿ ಬರತೈತಿ. ಸುಮ್ನ ಮನಿಗಿ ಹೋಗು" ಎಂದು ನನ್ನನ್ನು ಸಾಗಹಾಕಿದ್ದರು.

ನಾನು ದನದ ಡಾಕ್ಟರು. ಬೆಟಗೇರಿಯ ನೇಕಾರರ ಮನೆಯಲ್ಲಿ ಮಗ್ಗದ ಸದ್ದಿನ ನಡುವೆ ಓದಿ ಬೆಳೆದವಳು, ಎಮ್ಮೆ ಎದುರು ಬಂದರೆ ಓಣಿ ಬದಲಿಸುತ್ತಿದ್ದವಳು ದನದ ಡಾಕ್ಟರಾದದ್ದು ಬೇರೆಯೇ ಕಥೆ. ಆದಮೇಲೆ ಹಳ್ಳಿ ಹಳ್ಳಿ ತಿರುಗಬೇಕಲ್ಲ, ನಾಲ್ಕೂ ಗಾಲಿಗೆ ಎಂಜಿನ್ನಿನ ಜೋರು ಸಿಗುವ ಒಂದು ಜೀಪು ಕೊಂಡೆ. ಅದು ಗುಡ್ಡ ಹತ್ತುವ ಗಾಡಿಯೇನೋ ಹೌದು. ಆದರೆ ಕಂಪನಿಯವರು ಅದರ ಕಾಲಿಗೆ ತೊಡಿಸಿದ್ದು ಡಾಂಬರು ರಸ್ತೆಯ ನಯವಾದ ಚಪ್ಪಲಿ. ಮೊದಲ ಮಳೆಗೇ ಎರಡು ಸಲ ಜಾರಿ ಬದುವಿಗೆ ಹೋಗಿ ನಿಂತಿತು. ದೊಡ್ಡ ಟೈರು ಹಾಕಿಸಲೇಬೇಕೆಂದು ನಿರ್ಧರಿಸಿದೆ.

ಒಂದು ತಿಂಗಳು ಫೋನಿನಲ್ಲಿ ಟೈರಿನ ವಿಡಿಯೋ ನೋಡಿದ್ದೇ ನೋಡಿದ್ದು. ಮಾತ್ರೆಯ ಹೆಸರು ಮರೆತರೂ ಟೈರಿನ ಅಳತೆ ಮರೆಯದ ಸ್ಥಿತಿಗೆ ಬಂದಿದ್ದೆ. ನನಗೆ ಬೇಕಾಗಿದ್ದದ್ದು ದಪ್ಪನೆಯ, ಅಗಲವಾದ, ಗಾಡಿಯ ಮೈಯಿಂದ ಹೊರಗೆ ಇಣುಕುವ ಟೈರು. ಒಳಗಿನ ಮಾತನ್ನೂ ಹೇಳಿಬಿಡುತ್ತೇನೆ. ಹೆಣ್ಣು ಡಾಕ್ಟರು ಬಂದರೆ ಕಟ್ಟೆಯ ಮೇಲೆ ಕೂತ ಗಂಡಸರು, "ಇವ್ರಿಗೆ ಹೋರಿ ಹಿಡಿಯಾಕ ಬರತೈತೇನು?" ಎಂದು ನಗುತ್ತಿದ್ದರು. ಅಂಥ ಟೈರು ಹಾಕಿಕೊಂಡು ಅವರ ಮುಂದೆ ಒಮ್ಮೆ ಹಾದುಹೋಗಬೇಕು ಎಂಬುದು ನನ್ನ ಆಸೆಯಾಗಿತ್ತು.

ಕಾಕಾ ಜೀಪನ್ನು ಒಂದು ಸುತ್ತು ಹಾಕಿ ನೋಡಿದರು.

"ಮದಲಗಿತ್ತಿ ಚಲೋ ಅದಾಳ. ಎಲ್ಲೆಲ್ಲಿ ಕರಕೊಂಡು ಹೋಗ್ತಿ?"

"ಹೊಂಬಳ, ಕಳಸಾಪುರ, ಒಮ್ಮೊಮ್ಮೆ ಕಪ್ಪತಗುಡ್ಡದ ಬುಡದ ತನಕಾನೂ ಹೋಗ್ತೀನ್ರಿ ಕಾಕಾ."

"ಹೆಚ್ಚ ಎಲ್ಲಿ?"

"ಹೊಂಬಳದ ಹೊಲದ ಕಡೆ."

"ಹಂಗಾರ ಅಲ್ಲಿಂದ ಒಂದ ಮುಷ್ಟಿ ಮಣ್ಣ ತಗೊಂಡು ಬಾ. ಟೈರಿನ ಮಾತ ಆಮ್ಯಾಲ."

ತಮಾಷೆ ಎಂದುಕೊಂಡೆ. ಅವರು ಒಳಗಿನ ಹಲಗೆಯತ್ತ ಕೈ ತೋರಿಸಿದರು. ಸಾಲಾಗಿ ಹತ್ತು ಹನ್ನೆರಡು ಚಹಾದ ಗ್ಲಾಸು, ಒಂದೊಂದರಲ್ಲೂ ಒಂದೊಂದು ಬಣ್ಣದ ಮಣ್ಣು: ಕೆಂಪು ಮಸಾರಿ, ಬೂದು, ಹೊಳೆಯ ದಂಡೆಯ ಮರಳು. ಗಾಡಿ ಯಾವುದೆಂದು ಕಾಕಾ ಯಾರನ್ನೂ ಮೊದಲು ಕೇಳುವುದಿಲ್ಲ. ಮಣ್ಣಿಗೆ ನೀರು ಹಾಕಿ, ಅಂಗೈಯಲ್ಲಿ ನಾದಿ, ಎಷ್ಟು ಅಂಟುತ್ತದೆ, ಎಷ್ಟು ಉದುರುತ್ತದೆ ಎಂದು ನೋಡಿಯೇ ಟೈರಿನ ಹೆಸರು ಹೇಳುವುದು. ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಆಗ ನನಗೆ ಸಿಟ್ಟೇ ಬಂದಿತ್ತು. ಮಣ್ಣೆತ್ತಿನ ಅಮಾವಾಸ್ಯೆ ಮುಗಿದು ವಾರವಾಗಿತ್ತು. ಈ ವಯಸ್ಸಿನಲ್ಲಿ ನಾನು ಮಣ್ಣು ಹೊತ್ತು ತಂದು ಎತ್ತು ಮಾಡಬೇಕೇ ಎಂದು ಗೊಣಗುತ್ತ ಮನೆಗೆ ಬಂದೆ.

ಎರಡನೆಯ ಸಲ ಬರಿಗೈಯಲ್ಲೇ ಹೋದೆ. ಫೋನಿನಲ್ಲಿ ಟೈರಿನ ಚಿತ್ರ ತೆಗೆದು ಅವರ ಮೂಗಿನ ಮುಂದೆ ಹಿಡಿದೆ.

"ಚಿತ್ರದಾಗ ಮಣ್ಣ ಮೆತ್ತೂದಿಲ್ಲ ತಂಗಿ" ಎಂದರು.

"ಹಂಗಾರ ನಾ ಬ್ಯಾರೆ ಕಡೆ ಹಾಕಿಸ್ತೀನ್ರಿ."

"ಹಾಕಿಸು. ಬ್ಯಾಡ ಅನ್ನಾಕ ನಾ ಯಾರು?" ಎಂದು ಆ ಬಿಳಿ ಬೆರಳನ್ನು ಇನ್ನಷ್ಟು ಮೇಲೆತ್ತಿದರು. "ಆದ್ರ ಮಳಿ ಬಂದ ದಿನ ಹೊಂಬಳದ ಹೊಲದ ದಾರಿ ಹಿಡೀಬ್ಯಾಡ."

ಬೇರೆ ಊರಿನ ಅಂಗಡಿಯೊಂದರಲ್ಲಿ ನನಗೆ ಬೇಕಾದದ್ದೇ ಸಿಕ್ಕಿತು. ಟೈರು ಕೂರಿಸುವ ಅಗಲವಾದ ಹೊಸ ಕಬ್ಬಿಣದ ಡಿಸ್ಕು, ಅದರ ಮೇಲೆ ಹಂಡೆಯಂಥ ಟೈರು. ಸ್ಟೇರಿಂಗ್ ಪೂರ್ತಿ ಹೊರಳಿಸಿದರೆ ಒಳಗೆಲ್ಲೋ ಸರ್ರೆಂದು ಉಜ್ಜುವ ಸದ್ದು ಬರುತ್ತಿತ್ತು. ಪೂರ್ತಿ ಹೊರಳಿಸದಿದ್ದರಾಯಿತು ಎಂದುಕೊಂಡೆ. ಮಳೆ ಕೈಕೊಟ್ಟ ಆ ಎರಡು ತಿಂಗಳು ನನ್ನ ಮೆರೆದಾಟ ಕೇಳಬೇಡಿ. ಕಟ್ಟೆಯ ಮೇಲಿನ ಗಂಡಸರು ಬೀಡಿ ಆರಿದ್ದೂ ತಿಳಿಯದೆ ನೋಡುತ್ತಿದ್ದರು. ನಾನು ಬೇಕೆಂದೇ ಅವರ ಮುಂದೆ ಗಾಡಿ ನಿಧಾನ ಮಾಡುತ್ತಿದ್ದೆ.

ಉತ್ತರಿ ಮಳೆ ಹಿಡಿದ ಮೂರನೆಯ ದಿನ ಬೆಳಿಗ್ಗೆ ಹೊಂಬಳದಿಂದ ಒಬ್ಬ ರೈತ ಹೆಂಗಸು ಫೋನು ಮಾಡಿದಳು. ಹೊಲದ ಮನೆಯಲ್ಲಿ ಆಕಳು ಬೇನೆ ತಿನ್ನುತ್ತಿದೆ, ಕರುವಿನ ಕಾಲು ಕಾಣುತ್ತಿದೆ, ತಲೆ ಬರುತ್ತಿಲ್ಲ. ನಾನು ಹಗ್ಗ, ಔಷಧದ ಚೀಲ ಎಸೆದುಕೊಂಡು ಹೊರಟೆ. ಡಾಂಬರು ಮುಗಿದು ಹೊಲದ ದಾರಿಗೆ ಇಳಿದ ಮೇಲೆ ಒಂದು ಫರ್ಲಾಂಗೂ ಹೋಗಲಿಲ್ಲ. ಎರೆಮಣ್ಣು ಟೈರಿಗೆ ಸುತ್ತಿಕೊಂಡು, ಮೇಲಿನ ಮಡ್‌ಗಾರ್ಡಿಗೆ ಹತ್ತಿ, ನಡುವಿನ ಸಂದನ್ನೆಲ್ಲ ತುಂಬಿಕೊಂಡಿತು. ಮುಂದಿನ ಗಾಲಿಗಳು ತಿರುಗುವುದನ್ನೇ ನಿಲ್ಲಿಸಿದವು. ಎಂಜಿನ್ನು ಕೂಗುತ್ತಿತ್ತು, ಗಾಡಿ ಅಲ್ಲಾಡಲಿಲ್ಲ. ಇಳಿದು ಕೈಯಿಂದ ಕೆದರಿದೆ. ಒಂದು ಹೆಂಟೆ ಕಿತ್ತರೆ ಇನ್ನೊಂದು ಅಲ್ಲೇ.

ಹಿಂದಿನಿಂದ ಒಂದು ಚಕ್ಕಡಿ ಬಂತು. ಎತ್ತರದ, ತೆಳ್ಳನೆಯ ಕಟ್ಟಿಗೆಯ ಗಾಲಿ ಕೆಸರನ್ನು ಸೀಳಿಕೊಂಡು ಆರಾಮವಾಗಿ ಸಾಗುತ್ತಿತ್ತು. ಹೊಡೆಯುತ್ತಿದ್ದ ಮುದುಕ ನನ್ನ ಟೈರುಗಳನ್ನು ನೋಡಿದ, ನನ್ನನ್ನು ನೋಡಿದ. "ಹತ್ರಿ ಡಾಕ್ಟರವ್ವಾರ" ಎಂದ, ಅಷ್ಟೇ. ಎತ್ತಿನ ನಡಿಗೆಯಲ್ಲಿ ಹೋಗಿ ಮುಟ್ಟುವಷ್ಟರಲ್ಲಿ ತಡವಾಗಿತ್ತು. ಹಿಂದೆ ಹೊರಳಿದ್ದ ತಲೆಯನ್ನು ಸರಿಮಾಡಿ ಎಳೆದೆ. ಆಕಳು ಉಳಿಯಿತು. ಕರು ಉಳಿಯಲಿಲ್ಲ.

ಆ ಹೆಂಗಸು ನನ್ನನ್ನು ಬೈಯಲಿಲ್ಲ. "ಆಕಳರ ಉಳೀತಲ್ರಿ ಅವ್ವಾರ. ಕಾಲ ತೊಳಕೋರ್ರಿ" ಎಂದು ತಂಬಿಗೆಯಿಂದ ನೀರು ಹಾಕಿದಳು. ಬೈದಿದ್ದರೆ ಚೆನ್ನಾಗಿತ್ತು. ಅರ್ಧ ಗಂಟೆ ಮೊದಲು ಮುಟ್ಟಿದ್ದರೆ ಆ ಕರು ಎದ್ದು ನಿಲ್ಲುತ್ತಿತ್ತು ಎಂದು ನನಗೊಬ್ಬಳಿಗೆ ಗೊತ್ತಿತ್ತು.

ಮಾರನೆಯ ದಿನ ಟ್ರ್ಯಾಕ್ಟರು ಹಚ್ಚಿ ಜೀಪು ಎಳೆಸಿ, ಕಂಡಷ್ಟು ಮಣ್ಣು ಕೆದರಿ, ತೊಳೆಯದೆ ಹಾಗೆಯೇ ಕಾಕಾನ ಅಂಗಡಿಯ ಮುಂದೆ ತಂದು ನಿಲ್ಲಿಸಿದೆ. ಅವರು ಕೌದಿಯ ಮೇಲಿಂದ ಎದ್ದು ಬಂದು, ಬಗ್ಗಿ ಮಡ್‌ಗಾರ್ಡಿನೊಳಗೆ ನೋಡಿ ಗಹಗಹಿಸಿ ನಕ್ಕರು.

"ಒಂದ ಮುಷ್ಟಿ ತಗೊಂಡು ಬಾ ಅಂದ್ರ, ಒಂದ ಬುಟ್ಟಿ ತಂದೀಯಲ್ಲ ಯವ್ವಾ!"

ನಾನು ನಗಲು ಹೋಗಿ ಅತ್ತುಬಿಟ್ಟೆ. ರಸ್ತೆಯ ಪಕ್ಕದಲ್ಲೇ ನಿಂತು ಎಲ್ಲವನ್ನೂ ಹೇಳಿದೆ. ಕಾಕಾ ಸುಣ್ಣದ ಡಬ್ಬಿ ಮುಚ್ಚಿ ಕಿಸೆಗೆ ಹಾಕಿಕೊಂಡರು. ಮಡ್‌ಗಾರ್ಡಿನಿಂದ ಒಂದು ಹೆಂಟೆ ಕಿತ್ತು, ನೀರು ಚಿಮುಕಿಸಿ ಅಂಗೈಯಲ್ಲಿ ನಾದತೊಡಗಿದರು.

"ತಪ್ಪ ನಂದೂ ಐತಿ ತಂಗಿ" ಎಂದರು ನಾದುತ್ತಲೇ. "ಮಣ್ಣ ತಾ ಅಂದೆ. ಯಾಕ ಅಂತ ಬಿಡಿಸಿ ಹೇಳಲಿಲ್ಲ. ನೀ ಸಿಟ್ಟಿಲೆ ಹೋದಿ, ನಾ ಹಟದಿಂದ ಬಿಟ್ಟೆ."

ಕೈ ತೆರೆದಾಗ ಅದರಲ್ಲೊಂದು ಪುಟ್ಟ ಕರು ಇತ್ತು. ಈ ಸೀಮೆಯ ಕೈಗಳಿಗೆ ಎರೆಮಣ್ಣು ಸಿಕ್ಕರೆ ಎತ್ತೋ ಕರುವೋ ತಾನಾಗಿ ಆಗುತ್ತದೆ. ಅದನ್ನು ಒಯ್ದು ಗ್ಲಾಸುಗಳ ಸಾಲಿನ ತುದಿಗೆ ಇಟ್ಟು ಬಂದರು. ಆಮೇಲೆ ಅಂಗಿಯ ತೋಳು ಮೇಲೇರಿಸಿದರು.

ಆ ದಿನ ನಾನು ಕಲಿತದ್ದು ಯಾವ ವಿಡಿಯೋದಲ್ಲೂ ಇರಲಿಲ್ಲ. ಅಗಲದ ಡಿಸ್ಕು ತೆಗೆದು ನನ್ನ ಮನೆಯಲ್ಲಿ ಬಿದ್ದಿದ್ದ ಕಂಪನಿಯದನ್ನೇ ಮತ್ತೆ ತರಿಸಿದರು. "ನಿನ್ನ ಹೊತಗೊಂಡು ಹೋದ ಚಕ್ಕಡಿ ಗಾಲಿ ನೆನಪೈತೇನು? ಎತ್ತರ, ಸಣ್ಣ. ಟ್ರ್ಯಾಕ್ಟರಿನ ಟೈರ ನೋಡು, ಹಲ್ಲಿನ ನಡುವ ಎಷ್ಟ ಜಾಗ ಐತಿ. ತಿರಗಿದಂಗ ಮಣ್ಣ ತಾನ ಉಚ್ಚಿ ಬೀಳಬೇಕು. ನಮಗ ಬೇಕಾಗಿದ್ದು ಎತ್ತರ, ಅಗಲ ಅಲ್ಲ." ಕಂಪನಿಯ ಟೈರಿಗಿಂತ ಎತ್ತರದ, ಅಗಲ ಹೆಚ್ಚಿಲ್ಲದ, ಹಲ್ಲು ಬಿಡಿಬಿಡಿಯಾಗಿರುವ ಒಂದನ್ನು ಉರುಳಿಸಿಕೊಂಡು ಬಂದು ಮುಂದಿನ ಗಾಲಿಗೆ ಹಾಕಿದರು.

ಆಮೇಲೆ ಸುಣ್ಣದ ಡಬ್ಬಿ ಹೊರಬಂತು. ಎಲೆ ಹಾಕಿಕೊಳ್ಳುತ್ತಾರೆ ಎಂದುಕೊಂಡೆ. ಇಲ್ಲ. ಆ ಬಿಳಿ ಬೆರಳಿನಿಂದ ಟೈರಿನ ಅಂಚಿಗೆಲ್ಲ ಸುಣ್ಣ ಸವರಿದರು, ಹೊಸ ಎತ್ತಿನ ಕೊಂಬಿಗೆ ಬಣ್ಣ ಹಚ್ಚುವಷ್ಟು ಪ್ರೀತಿಯಿಂದ. ಆ ಗಾಲಿಯ ಮುಂದೆ ಎರಡು ಕಲ್ಲುಚಪ್ಪಡಿ ಇಟ್ಟು, "ಹತ್ತಸು" ಎಂದರು. ಹತ್ತಿಸಿದೆ. ಗಾಲಿ ಮಡ್‌ಗಾರ್ಡಿನೊಳಗೆ ಒತ್ತಿಕೊಂಡಿತು. "ಎಡಕ್ಕ ಪೂರ್ತಿ ಹೊಳ್ಳಸು. ಈಗ ಬಲಕ್ಕ." ಇಳಿಸಿ, ಬ್ಯಾಟರಿಯ ಬೆಳಕು ಬಿಟ್ಟು ಮಡ್‌ಗಾರ್ಡಿನ ಒಳಗೆ ತೋರಿಸಿದರು. ಕಪ್ಪು ಪ್ಲಾಸ್ಟಿಕ್ಕಿನ ಮೇಲೆ ಒಂದು ಬಿಳಿ ಗೆರೆ.

"ಇಲ್ಲಿ ಮುತ್ತ ಕೊಟ್ಟೈತಿ ನೋಡು. ಒಣಗಿದ್ದಾಗ ಮುತ್ತು. ಮಣ್ಣ ತುಂಬಿತು ಅಂದ್ರ ಕುತಗಿ ಹಿಡೀತೈತಿ."

ಅದನ್ನು ಬಿಚ್ಚಿ ಒಂದು ಅಳತೆ ಕಡಿಮೆಯದನ್ನು ಹಾಕಿದರು. ಮತ್ತೆ ಸುಣ್ಣ, ಮತ್ತೆ ಕಲ್ಲು, ಮತ್ತೆ ಎಡ ಬಲ. ಈ ಸಲ ಒಳಗೆಲ್ಲೂ ಬಿಳಿ ಇರಲಿಲ್ಲ. ಟೈರಿಗೂ ಮಡ್‌ಗಾರ್ಡಿಗೂ ನಡುವೆ ತಮ್ಮ ನಾಲ್ಕು ಬೆರಳನ್ನು ತೂರಿಸಿ ನೋಡಿ, "ಆತು. ಮಣ್ಣಿಗೂ ಕುಂಡ್ರಾಕ ಜಾಗ ಬೇಕಲ್ಲ" ಎಂದರು. ಹಿಂದೆ ತೂಗುವ ಸ್ಟೆಪ್ನಿಗೂ ಅದೇ ಅಳತೆ ಆಗಬೇಕೆಂದು ಹಟ ಹಿಡಿದರು. ಗಾಲಿ ದೊಡ್ಡದಾದರೆ ಮೀಟರಿನ ಮುಳ್ಳು ಇರುವುದಕ್ಕಿಂತ ಕಡಿಮೆ ವೇಗ ತೋರಿಸುತ್ತದೆ, ಅದನ್ನು ನಂಬಿ ಓಡಿಸಬೇಡ ಎಂದರು. ನಾನು ಆಸೆಪಟ್ಟಷ್ಟು ದೊಡ್ಡ ಟೈರು ಅದಾಗಿರಲಿಲ್ಲ. ಕಟ್ಟೆಯ ಮುಂದೆ ಹಾದಾಗ ಗಂಡಸರ ಬೀಡಿ ಚೆನ್ನಾಗಿಯೇ ಹೊಗೆಯಾಡುತ್ತಿತ್ತು.

ಮರುವರ್ಷ ಚಿತ್ತಿ ಮಳೆ. ಅದೇ ಹೊಲದ ಮನೆ, ಅದೇ ಆಕಳು, ಅದೇ ಹೆಂಗಸಿನ ದನಿ: "ಅವ್ವಾರ, ಬೇನಿ ಸುರು ಆಗ್ಯಾವ್ರಿ." ಡಾಂಬರು ಮುಗಿಯುವಲ್ಲಿ ಒಂದು ಸಲ ಬ್ರೇಕು ಒತ್ತಿ ಮುಂದಿನ ಕೆಸರು ನೋಡಿದೆ. ಜೀಪನ್ನು ಹೊಲದ ದಾರಿಗೆ ಇಳಿಸಿದೆ. ಎರೆಮಣ್ಣು ಟೈರಿಗೆ ಹತ್ತಿತು, ಸುತ್ತಿತು, ಎರಡು ಉರುಳು ಉರುಳುವಷ್ಟರಲ್ಲಿ ಹೆಂಟೆ ಹೆಂಟೆಯಾಗಿ ಕಳಚಿ ಹಾರಿತು. ಕಿಟಕಿಯ ಗಾಜಿಗೆ, ಟಾಪಿಗೆ, ನನ್ನ ಮುಖಕ್ಕೂ ಬಡಿಯಿತು. ನಾನು ಜೀಪಿನೊಳಗೆ ಒಬ್ಬಳೇ ಕೇಕೆ ಹಾಕಿ ನಗುತ್ತಿದ್ದೆ. ಹೋಗಿ ಮುಟ್ಟಿದಾಗ ಕರುವಿನ ಮೂಗಿನ ತುದಿ ಕಾಣುತ್ತಿತ್ತು. ಈ ಸಲ ಒಂದು ಕಾಲು ಮಡಿಚಿಕೊಂಡಿತ್ತು. ಕಾಲು ಬಿಡಿಸಿ ಎಳೆದೆ. ಹೆಣ್ಣು ಕರು. ನೆಲಕ್ಕೆ ಬಿದ್ದದ್ದೇ ಸೀನಿತು. ಆ ಹೆಂಗಸು ನನ್ನ ಎರಡೂ ಕೆನ್ನೆ ಹಿಡಿದು ಲಟಿಕೆ ಮುರಿದಳು.

ಎರಡು ದಿನ ಬಿಟ್ಟು ಅವಳು ಕಾಸಿಕೊಟ್ಟ ಗಿಣ್ಣದ ಡಬ್ಬಿಯನ್ನು ನೇರವಾಗಿ ಕಾಕಾನ ಅಂಗಡಿಗೆ ಒಯ್ದೆ. ಅವರಿಗೆ ಸಕ್ಕರೆ ಕಾಯಿಲೆ. ಹೆಂಡತಿ ಅಂಗಡಿಯ ಹಿಂದಿನ ಮನೆಯೊಳಗಿನಿಂದ ಕೂಗುತ್ತಿದ್ದಂತೆಯೇ ಡಬ್ಬಿಯ ಅರ್ಧ ಖಾಲಿಯಾಗಿತ್ತು. ಬೆಲ್ಲ, ಯಾಲಕ್ಕಿಯ ಜೊತೆಗೆ ಒಂದಿಷ್ಟು ಸುಣ್ಣವೂ ಹೊಟ್ಟೆಗೆ ಹೋಗಿರಬೇಕು. ಆಮೇಲೆ ಅವರು ಒಂದು ಹೊಸ ರೂಢಿ ಮಾಡಿಕೊಂಡರು. ಮಣ್ಣು ತಾ ಎಂದು ಯಾರಿಗೇ ಹೇಳಲಿ, ಯಾಕೆ ಎನ್ನುವುದನ್ನೂ ಕೂರಿಸಿ ಹೇಳುತ್ತಾರೆ. ಕೇಳದೆ ಎದ್ದು ಹೋಗುವವರಿಗೆ ಹಲಗೆಯ ಮೇಲಿನ ಮಣ್ಣಿನ ಕರುವನ್ನು ತೋರಿಸುತ್ತಾರೆ. ನನ್ನ ಹೆಸರು ಹೇಳುವುದಿಲ್ಲ. ಅವರ ಋಣ ನನ್ನ ಮೇಲೆ ಬಹಳವಿದೆ. ಇದೊಂದಕ್ಕಂತೂ ನಾನು ಅವರ ಕಾಲಿಗೇ ಬೀಳಬೇಕು.

ಮೂರು ವರ್ಷ ಮೇಲಾಯಿತು. ಈ ಬೇಸಿಗೆಯಲ್ಲಿ ಟೈರಿನ ಹಲ್ಲು ಸವೆದದ್ದು ಕಂಡು, ಹೊಸದಕ್ಕೆಂದು ಅಂಗಡಿಗೆ ಹೋದೆ. ಯಾರೂ ಕೇಳುವ ಮೊದಲೇ ಕರವಸ್ತ್ರದ ಗಂಟು ಬಿಚ್ಚಿ ಒಂದು ಮುಷ್ಟಿ ಎರೆಮಣ್ಣು ಅವರ ಅಂಗೈಗೆ ಸುರಿದೆ. ಕಾಕಾ ಈಗ ತುಸು ಬಾಗಿದ್ದಾರೆ. ಏಳುವಾಗ ಮೊಣಕಾಲು ಹಿಡಿದುಕೊಳ್ಳುತ್ತಾರೆ. ಮಣ್ಣನ್ನು ಮೂಸಿ ನೋಡಿ ಕಣ್ಣು ಕಿರಿದು ಮಾಡಿದರು.

"ಆ ಆಕಳ ಮನಿ ಮುಂದಿಂದು ಹೌದಲ್ಲ?"

"ಹೌದ್ರಿ ಕಾಕಾ."

"ಕರು ಹೆಂಗೈತಿ?"

"ಕರು ಎಲ್ಲೈತ್ರಿ ಈಗ? ಅದ ಗಬ್ಬ ಆಗೈತಿ. ಮಿರಗದ ಮಳಿ ಹೊತ್ತಿಗಿ ಈಯತೈತಿ."

ಕಾಕಾ ಮೊಣಕಾಲು ಹಿಡಿಯುವುದನ್ನೂ ಮರೆತು ಎದ್ದು ನಿಂತರು. ಬಿಳಿ ಬೆರಳು ಮೇಲೆತ್ತಿ ಒಳಗಿದ್ದ ಹೆಂಡತಿಗೆ ಕೂಗಿದರು.

"ಏ, ಸುಣ್ಣದ ಡಬ್ಬಿ ತಾ ಇಲ್ಲಿ, ಜಲ್ದಿ! ಮಿರಗಕ್ಕ ಭಾಳ ದಿನ ಉಳಿದಿಲ್ಲ."